‘ದುವ್’ ಓದುವುದೇ, ‘ಆಫ್ರನ್ ನ ಮರವ್’ ಓದುವುದೇ?

ಯುದ್ಧದ ಕ್ರೌರ್ಯಕ್ಕೆ ಸ್ಪಂದಿಸಿದ ಐರಿಷ್ ಭಾಷೆಯ ಈ ಎರಡು ಕವಿತೆಗಳಲ್ಲಿ ನಿಮ್ಮ ಓದುಬಳಗಕ್ಕೆ ಯಾವುದು ಹೊಂದುತ್ತದೆ ಎಂದು ಕೇಳಿದ್ದೀರಿ. ಅಳತೆಯಲ್ಲೇ ಇವು ಬೇರೆ: ನೂಲಾ ನಿ ಗೋನಿಲ್ ಅವರ ‘ದುವ್’ ಒಂದೇ ಸಲ ಕೂತು ಓದಿ ಮುಗಿಸಬಹುದಾದ ಕವಿತೆ, ಓವನ್ ಓ ಟೂರಿಶ್ಕ್ ಅವರ ‘ಆಫ್ರನ್ ನ ಮರವ್’ (1964) ದೀರ್ಘಕಾವ್ಯ.

‘ದುವ್’ ಎಂದರೆ ಕಪ್ಪು. ಸುಮಾರು 8,000 ಬೋಸ್ನಿಯನ್ ಮುಸ್ಲಿಂ ಗಂಡಸರು ಮತ್ತು ಹುಡುಗರ ಹತ್ಯೆಗೆ ದಾರಿಯಾದ, 1995ರ ಜುಲೈ 11ರ ಸ್ರೆಬ್ರೆನಿತ್ಸಾ ಪಟ್ಟಣದ ಪತನವೇ ಅದರ ವಸ್ತು. ಆಕಾಶ ಕಪ್ಪು, ಸಮುದ್ರ ಕಪ್ಪು, ತೋಟಗಳೂ ಕಪ್ಪು ಎಂದು ಅದೊಂದೇ ಪದ ಸುತ್ತಿಗೆಯಂತೆ ಬಡಿಯುತ್ತಾ ಹೋಗುತ್ತದೆ; ಕಪ್ಪನ್ನು ಬಿಳಿಯೆಂದು ನಂಬಿಸಹೊರಟ ರಾಜಕಾರಣಿಗಳನ್ನೂ ಬಿಡುವುದಿಲ್ಲ. ಐರಿಷ್ ಬಾರದವರ ಕಿವಿಗೂ ಆ ಪೆಟ್ಟು ತಾಗುವುದರಿಂದ ಗಟ್ಟಿಯಾಗಿ ಓದುವ ಸಭೆಗೆ ನಾನು ಇದನ್ನೇ ಒಯ್ಯುತ್ತೇನೆ.

ಇನ್ನೊಂದು ಕಾವ್ಯವು ಹಿರೋಷಿಮಾದ ಮೇಲೆ ಬಾಂಬು ಬಿದ್ದ 1945ರ ಆಗಸ್ಟ್ 6ರ ದಿನವನ್ನು ಡಬ್ಲಿನ್ನಿನ ಬೀದಿಗಳಿಂದ ನೋಡುತ್ತದೆ. ಸತ್ತವರಿಗಾಗಿ ಕ್ಯಾಥೊಲಿಕ್ ಚರ್ಚಿನಲ್ಲಿ ನಡೆಸುವ ಲ್ಯಾಟಿನ್ ಪೂಜಾವಿಧಿಯ ಕ್ರಮವೇ ಅದರ ಚೌಕಟ್ಟಾದ್ದರಿಂದ ಟಿಪ್ಪಣಿ ಇಲ್ಲದೆ ಓದುವುದು ಕಷ್ಟ. ಆದರೆ ನಾಲ್ಕೈದು ವಾರ ಕೂತು ಚರ್ಚಿಸುವ ಬಳಗಕ್ಕೆ, ದೂರದ ಸಾವಿನಲ್ಲಿ ನಮ್ಮ ಪಾಲೆಷ್ಟು ಎಂಬ ಪ್ರಶ್ನೆಯನ್ನು ಅದು ‘ದುವ್’ಗಿಂತ ಬಿಡುವಾಗಿ ಬಿಡಿಸಿಡುತ್ತದೆ.