ಹಿರಿಯ ಫೌಸ್ಟಿನಾ ಅಥವಾ ಜೂಲಿಯಾ ದೊಮ್ನಾ: ಕಡಲ ಹವೆಗೆ ಯಾವ ರೋಮನ್ ಬೆಳ್ಳಿ?

ರೋಮನ್ ಸಾಮ್ರಾಜ್ಞಿಯರ ದಿನಾರಿಯಸ್ ಎಂಬ ಬೆಳ್ಳಿ ನಾಣ್ಯಗಳಲ್ಲಿ ಈ ಇಬ್ಬರದೂ ಸುಲಭವಾಗಿ ಸಿಗುತ್ತವೆ. ಕಾರವಾರ, ಅಂಕೋಲಾ ಕಡೆಯವರು ಒಂದೇ ಕೊಳ್ಳುವುದಾದರೆ ಫೌಸ್ಟಿನಾಳದ್ದೇ ಇರಲಿ. ಅವಳ ಗಂಡ ಆಂಟೊನೈನಸ್ ಪಯಸ್ ಕಾಲದಲ್ಲಿ ಬೆಳ್ಳಿ ನೂರಕ್ಕೆ 80ರ ಆಸುಪಾಸು ಇತ್ತು. ದೊಮ್ನಾಳ ಗಂಡ ಸೆಪ್ಟಿಮಿಯಸ್ ಸೆವೆರಸ್ ಅದನ್ನು ನೂರಕ್ಕೆ 50ರ ಆಸುಪಾಸಿಗೆ ಇಳಿಸಿ ತಾಮ್ರ ಹೆಚ್ಚಿಸಿದ. ತಾಮ್ರ ಹೆಚ್ಚಾದಷ್ಟೂ ನಮ್ಮ ಉಪ್ಪುಗಾಳಿಗೆ ಹಸಿರು ಕಿಲುಬು ಬೇಗ ಏಳುತ್ತದೆ. ಶಿರಸಿಯಲ್ಲಿ ಉಪ್ಪಿನ ಕಾಟವಿಲ್ಲ, ಮಳೆಗಾಲದ ಥಂಡಿ ಮಾತ್ರ ತಪ್ಪಿದ್ದಲ್ಲ.

ಫೌಸ್ಟಿನಾ ಕ್ರಿ.ಶ. 140ರಲ್ಲಿ ತೀರಿಕೊಂಡಳು, ಅವಳ ನಾಣ್ಯಗಳಲ್ಲಿ ಬಹುಪಾಲು ಆಮೇಲೆ, ದೇವತೆಯ ಪಟ್ಟ ಸಿಕ್ಕ ಮೇಲೆ ಟಂಕಿಸಿದವು. ನೆತ್ತಿಯ ಮೇಲೆ ಸುತ್ತಿ ಕಟ್ಟಿದ ಜಡೆಯನ್ನು ಲೆನ್ಸಿನಡಿ ನೋಡಿ: ಅಸಲಿಯಲ್ಲಿ ಎಳೆಗಳು ಸವೆದಿದ್ದರೂ ಅಂಚು ಸ್ಪಷ್ಟ, ಎರಕದ ನಕಲಿಯಲ್ಲಿ ಎಲ್ಲವೂ ಕರಗಿದಂತೆ ಮೊಂಡು, ನಡುವೆ ಸೂಜಿಮೊನೆಯಷ್ಟು ಗುಳಿಗಳು. ಹಿಂಬದಿಯಲ್ಲಿ ತೆನೆ, ಪಂಜು ಹಿಡಿದ ಧಾನ್ಯದೇವತೆ ಸೆರೆಸ್ ಇರುವುದನ್ನು ಆರಿಸಿ, ತುಂಬ ಚೆಂದ. ದೊಮ್ನಾಳಲ್ಲಿ ನವಿಲಿನ ಜೊತೆ ನಿಂತ ದೇವತೆ ಜೂನೋ ಒಳ್ಳೆಯ ಆಯ್ಕೆ.

ತೂಕ 3.0ರಿಂದ 3.4 ಗ್ರಾಂ, ಅಗಲ 17ರಿಂದ 19 ಮಿ.ಮೀ. ಸಾಮಾನ್ಯ. ಅಂಚಿನ ಸುತ್ತ ಗೆರೆ ಅಥವಾ ಅರ ಉಜ್ಜಿದ ಗುರುತಿದ್ದರೆ ಬಿಟ್ಟುಬಿಡಿ. 0.01 ಗ್ರಾಂ ತೋರಿಸುವ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ, ನಾಣ್ಯವನ್ನು ದಾರದಲ್ಲಿ ತಳ ಮುಟ್ಟದಂತೆ ಮುಳುಗಿಸಿ. 3.20 ಗ್ರಾಮಿನ ಫೌಸ್ಟಿನಾಗೆ 0.32 ಬರಬೇಕು, ಬೆಳ್ಳಿ ಲೇಪಿಸಿದ ತಾಮ್ರವಾದರೆ 0.35ರ ಹತ್ತಿರ. ಗಾಳಿಗುಳ್ಳೆ ಅಂಟಿದರೆ ಅಸಲಿಯೂ ನಕಲಿಯಂತೆ ಕಾಣುತ್ತದೆ, ನೀರಿಗೆ ಒಂದು ಹನಿ ಸೋಪು ಹಾಕಿ. ಇಷ್ಟು ಸಣ್ಣ ನಾಣ್ಯಕ್ಕೆ ಇದು ಒರಟು ಪರೀಕ್ಷೆಯೇ, ಲೆನ್ಸಿನ ಜೊತೆ ಸೇರಿಸಿಯೇ ತೀರ್ಮಾನಿಸಿ.

ಪೂಜೆ ಪಾತ್ರೆಯಂತೆ ಹುಣಸೆಹಣ್ಣು, ವಿಭೂತಿ ಹಾಕಿ ತಿಕ್ಕಲೇಬೇಡಿ. ಶತಮಾನಗಳ ಕಪ್ಪು ಛಾಯೆ ಹೋದರೆ ಬೆಲೆಯೂ ಹೋಗುತ್ತದೆ. ಹಳೆಯ ಬೆಳ್ಳಿ ಒಳಗೊಳಗೇ ಪೆಡಸಾಗಿರುತ್ತದೆ, ಒತ್ತಿದರೆ ಮುರಿಯಲೂಬಹುದು. ಮೆತ್ತನೆಯ ಪಿವಿಸಿ ಕವರ್‌ನಿಂದ ಜಿಗುಟು ಹಸಿರು ಪಸೆ ಬರುತ್ತದೆ. ಮೈಲಾರ್ (ಪಾಲಿಯೆಸ್ಟರ್ ಹಾಳೆ) ಕವರ್, ಬಿಗಿ ಡಬ್ಬಿ, ತೇವ ಹೀರುವ ಸಿಲಿಕಾ ಜೆಲ್ ಸಾಕು. ಜೆಲ್ ಮಳೆಗಾಲದ ಮುಂಚೆ ಬದಲಿಸಿ.

ಬಿಲ್ ಕೊಡದ ಮಾರಾಟಗಾರ ಬೇಡ. 1972ರ ಪ್ರಾಚೀನ ವಸ್ತುಗಳ ಕಾಯ್ದೆಯ ಪ್ರಕಾರ ಖಾಸಗಿಯವರು ಇಂಥವನ್ನು ದೇಶದ ಹೊರಗೆ ಕಳಿಸುವಂತಿಲ್ಲ.