ಈಜುಕೊಳದ ಹಳೆಯ ದೀಪಕ್ಕೆ ಎಲ್‌ಇಡಿ: ಮೂರು ಮಳೆಗಾಲ ಬಳಸಿದ ಮೇಲೆ

ಮುಂಬೈಯ ಕಾಂದಿವಲಿ ಪೂರ್ವದ ನಮ್ಮ ಹೌಸಿಂಗ್ ಸೊಸೈಟಿಯ ಈಜುಕೊಳದಲ್ಲಿ ನೀರಿನೊಳಗೆ ಉರಿಯುತ್ತಿದ್ದ ಎರಡು ಹಳೆಯ ಹ್ಯಾಲೊಜೆನ್ ದೀಪಗಳನ್ನು ತೆಗೆಸಿ, ಅವುಗಳ ಜಾಗಕ್ಕೆ 12 ವೋಲ್ಟಿನ, 25 ವ್ಯಾಟಿನ ಪಾರ್-56 ಎಲ್‌ಇಡಿ ದೀಪಗಳನ್ನು ಹಾಕಿಸಿದ ಮೇಲೆ ಈಗ ಮೂರನೆಯ ಮಳೆಗಾಲ ಕಳೆದಿದೆ. ಲೋಹಾರ್ ಚಾಳದ ಅಂಗಡಿಯೊಂದರಿಂದ ತಂದ ಈ ದೀಪಗಳ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವೇ ಇದೆ. ಆದರೆ ದೀಪಗಳನ್ನಷ್ಟೇ ಬದಲಿಸಿ ಕೈತೊಳೆದುಕೊಂಡಿದ್ದರೆ ಇವು ಒಂದು ಮಳೆಗಾಲವನ್ನೂ ದಾಟುತ್ತಿರಲಿಲ್ಲ. ಹಳೆಯ ಕೊಳದಲ್ಲಿ ಬೆಳಕು ಮಂಕಾದಾಗ ಎಲ್ಲರೂ ಮೊದಲು ದೂರುವುದು ದೀಪವನ್ನೇ. ಅದರ ಹಿಂದಿರುವ ಕೇಬಲ್, ಜೋಡಣೆ, ನೀರು ಒಳಬರದಂತೆ ತಡೆಯುವ ರಬ್ಬರ್ ಪಟ್ಟಿಯಾದ ಗ್ಯಾಸ್ಕೆಟ್, ಟ್ರಾನ್ಸ್‌ಫಾರ್ಮರ್‌ಗಳನ್ನು ನೋಡುವವರು ಕಡಿಮೆ. ಹಾಗಾಗಿ ಈ ವಿಮರ್ಶೆಯಲ್ಲಿ ದೀಪದಷ್ಟೇ ಅವುಗಳ ಮಾತೂ ಬರುತ್ತದೆ.

ಪಾರ್-56 ಎನ್ನುವುದು ಕಂಪನಿಯ ಹೆಸರಲ್ಲ, ಅಳತೆ. 56 ಎಂದರೆ ಇಂಚಿನ ಎಂಟನೇ ಒಂದು ಭಾಗದ ಲೆಕ್ಕದಲ್ಲಿ ದೀಪದ ವ್ಯಾಸ, ಅಂದರೆ ಏಳು ಇಂಚು, ಸುಮಾರು 178 ಮಿಲಿಮೀಟರ್. ಈ ಅಳತೆ ಎಲ್ಲೆಡೆ ಒಂದೇ ಆಗಿರುವುದರಿಂದ ಕೊಳದ ಗೋಡೆಯ ಗೂಡನ್ನೂ ದೀಪದ ಹೊರ ಕವಚವನ್ನೂ ಹಾಗೆಯೇ ಉಳಿಸಿಕೊಂಡು ಒಳಗಿನ ದೀಪವನ್ನಷ್ಟೇ ಬದಲಿಸಬಹುದು. ಹಾಗೆಂದು ಕಣ್ಣುಮುಚ್ಚಿ ಕೊಳ್ಳಬಾರದು. ಎಲ್‌ಇಡಿಗಳ ಅಂಚಿನ ದಪ್ಪ ಮತ್ತು ಹಿಂಬದಿಯ ಆಳ ಒಂದೊಂದರಲ್ಲಿ ಒಂದೊಂದು ಬಗೆ. ಅಂಚು ತೆಳುವಾಗಿದ್ದರೆ ಉಂಗುರವನ್ನು ಎಷ್ಟು ಬಿಗಿದರೂ ಗ್ಯಾಸ್ಕೆಟ್ ಒತ್ತಿ ಕೂರುವುದಿಲ್ಲ. ಹಳೆಯ ದೀಪವನ್ನೇ ಅಂಗಡಿಗೆ ಒಯ್ದು ಪಕ್ಕದಲ್ಲಿಟ್ಟು ಅಳೆದು ತರುವುದು ಒಳ್ಳೆಯದು.

ನಮ್ಮಲ್ಲಿ ಇದ್ದ ತೊಂದರೆಗಳು ಎರಡು. ಬಲಬದಿಯ ದೀಪ ತೀರಾ ಮಂಕಾಗಿತ್ತು ಮತ್ತು ಆಗಾಗ ಏರಿಳಿಯುತ್ತಿತ್ತು. ಅದಲ್ಲದೆ ಮಳೆಗಾಲದಲ್ಲಿ ಪಂಪ್ ಕೋಣೆಯ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಸಂಪರ್ಕ ಕಡಿಯುವ ಸುರಕ್ಷತಾ ಸ್ವಿಚ್) ಪದೇ ಪದೇ ಬೀಳುತ್ತಿತ್ತು. ಎರಡಕ್ಕೂ ನೀರಿನೊಳಗಿನ ದೀಪವೇ ಕಾರಣವೆಂದು ನಿರ್ವಹಣೆಯ ಗುತ್ತಿಗೆದಾರರು ಹೇಳುತ್ತಿದ್ದರು. ಸಂಜೆ ಹೊತ್ತಿನಲ್ಲಿ ಮಕ್ಕಳು ಈಜು ಕಲಿಯುವ ಕೊಳವಾದ್ದರಿಂದ, ಕಾರಣ ಖಚಿತವಾಗುವವರೆಗೆ ದೀಪ ಹಚ್ಚಕೂಡದು, ಕತ್ತಲಾದ ಮೇಲೆ ಯಾರನ್ನೂ ನೀರಿಗಿಳಿಸಕೂಡದು ಎಂದು ಸಮಿತಿಯಲ್ಲಿ ನಾನು ಪಟ್ಟು ಹಿಡಿದೆ. ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿದೆವು. ವಿಜಯಪುರದ ಕಡೆಯವರು, ಹಲವು ವರ್ಷಗಳಿಂದ ಮುಂಬೈಯಲ್ಲೇ ಇದ್ದಾರೆ.

ಅವರು ಕೊಳದಲ್ಲಿ ಯಾರೂ ಇಲ್ಲದಿರುವಾಗ, ದೀಪ ನೀರಿನಲ್ಲೇ ಉರಿಯುತ್ತಿರುವಂತೆ ಮೀಟರ್ ಹಿಡಿದರು. ಟ್ರಾನ್ಸ್‌ಫಾರ್ಮರಿನ ಬಳಿ 13.4 ವೋಲ್ಟ್, ಕೊಳದ ಅಂಚಿನ ಜಂಕ್ಷನ್ ಬಾಕ್ಸಿಗೆ ಬರುವಷ್ಟರಲ್ಲಿ 10.7, ಅದೇ ಬಾಕ್ಸಿನಲ್ಲಿ ಜೋಡಣೆಯ ಆಚೆ ಬದಿಗೆ 8.7. ಕೇಬಲ್‌ನಲ್ಲಿ ಇಷ್ಟು ಕಳೆದುಹೋಗುವುದು ಲೆಕ್ಕಕ್ಕೆ ಸಿಗುತ್ತದೆ. ನಮ್ಮ ಹಳೆಯ 300 ವ್ಯಾಟಿನ ದೀಪ 12 ವೋಲ್ಟಿನಲ್ಲಿ 25 ಆಂಪಿಯರ್ ಎಳೆಯುತ್ತದೆ. ಒಲೆ, ಗೀಸರ್‌ಗಳಿಗೂ ಅಷ್ಟು ಬೇಕಾಗುವುದಿಲ್ಲ. 4 ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ ಹದಿನಾಲ್ಕು ಮೀಟರ್ ಹೋಗಿ ಬರುವಾಗ ಎರಡೂವರೆ ಮೂರು ವೋಲ್ಟ್ ಇಳಿಯುವುದು ಸಹಜವೇ. ಆದರೆ ಬೆರಳಗಲದ ಒಂದು ಜೋಡಣೆಯಲ್ಲಿ ಎರಡು ವೋಲ್ಟ್ ಮಾಯವಾಗುವುದು ಸಹಜವಲ್ಲ. ಕರೆಂಟು ಸುಮಾರು 21 ಆಂಪಿಯರ್ ಇದ್ದುದರಿಂದ ಆ ಸಣ್ಣ ಜಾಗದಲ್ಲಿ ನಲವತ್ತು ವ್ಯಾಟಿಗೂ ಮಿಕ್ಕ ಬಿಸಿ ಹುಟ್ಟುತ್ತಿತ್ತು.

ಮೇನ್ ಸ್ವಿಚ್ ಆರಿಸಿ ಬಾಕ್ಸ್ ಬಿಚ್ಚಿದಾಗ ಕಾರಣ ಕಣ್ಣೆದುರಿಗೇ ಇತ್ತು. ಬಿಳಿಯ ಸ್ಟ್ರಿಪ್ ಕನೆಕ್ಟರಿನ ಒಂದು ಬದಿ ಕಂದು ಬಣ್ಣಕ್ಕೆ ತಿರುಗಿ, ಸ್ಕ್ರೂವಿನ ಸುತ್ತ ಕರಗಿ ಕುಸಿದಿತ್ತು. ತಂತಿಯ ಎಳೆಗಳ ಮೇಲೆ ದಪ್ಪವಾಗಿ ಹಸಿರು ಕಿಲುಬು ಹಿಡಿದಿತ್ತು. ಉಗುರಿನಿಂದ ಕೆರೆದರೆ ಪುಡಿ ಉದುರುತ್ತಿತ್ತು, ಅದರಡಿಯ ತಾಮ್ರ ಕಪ್ಪಾಗಿತ್ತು. “ಸರ್, ದೀಪದಾಗ ಏನೂ ಐಬಿಲ್ರಿ. ಕರೆಂಟೆಲ್ಲಾ ಇಲ್ಲೇ ಸುಟ್ಟು ಹೊಂಟೈತಿ ನೋಡ್ರಿ,” ಎಂದು ಅವರು ಆ ತುಂಡನ್ನು ನನ್ನ ಕೈಗಿಟ್ಟರು. ಬಾಕ್ಸಿನ ಮುಚ್ಚಳ ಸರಿಯಾಗಿಯೇ ಇತ್ತು. ನೀರು ಬಂದದ್ದು ಕೆಳಗಿನಿಂದ: ದೀಪದೊಳಕ್ಕೆ ಕೇಬಲ್ ಹೋಗುವ ತೂತನ್ನು ಬಿಗಿಯಾಗಿ ಮುಚ್ಚುವ ಗ್ಲ್ಯಾಂಡ್ ಸಡಿಲವಾದಾಗ ಕೇಬಲ್‌ನ ಹೊರ ಸಿಪ್ಪೆಯ ಒಳಗೆ, ಎಳೆಗಳ ಸಂದಿಯಲ್ಲಿ ನೀರು ತಾನಾಗಿ ಮೇಲೇರುತ್ತದೆ, ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ. ಆದ್ದರಿಂದ ಹೊಸ ಕನೆಕ್ಟರ್ ಹಾಕುವುದಷ್ಟೇ ಸಾಲುತ್ತಿರಲಿಲ್ಲ. ಆ ದೀಪದ ಕೇಬಲ್ಲನ್ನೇ ಬದಲಿಸಿ, ಗ್ಲ್ಯಾಂಡ್ ಹೊಸದು ಹಾಕಿ, ಬಾಕ್ಸಿನೊಳಗಿನ ಜೋಡಣೆಯನ್ನು ರೆಸಿನ್ (ಸುರಿದ ಮೇಲೆ ಗಟ್ಟಿಯಾಗುವ ಅಂಟುದ್ರವ) ಸುರಿದು ಮುಚ್ಚಿಸಿದೆವು.

ಆರ್‌ಸಿಸಿಬಿಯ ಸಂಗತಿ ಬೇರೆಯೇ ಆಗಿತ್ತು, ಮತ್ತು ಇದನ್ನು ಪ್ರತಿ ಸೊಸೈಟಿಯವರೂ ತಿಳಿದಿರಬೇಕೆಂದು ನನಗೆ ಅನಿಸುತ್ತದೆ. ಸುರಕ್ಷತೆಯ ಟ್ರಾನ್ಸ್‌ಫಾರ್ಮರಿನಲ್ಲಿ 230 ವೋಲ್ಟಿನ ಸುತ್ತಿಗೂ 12 ವೋಲ್ಟಿನ ಸುತ್ತಿಗೂ ನೇರ ಸಂಪರ್ಕ ಇರುವುದಿಲ್ಲ. ಹೀಗಾಗಿ 12 ವೋಲ್ಟಿನ ಬದಿಯಲ್ಲಿ ನೀರಿಗೆ ಸೋರಿಕೆಯಾದರೆ ಮೇಲಿನ ಆರ್‌ಸಿಸಿಬಿಗೆ ಅದು ಗೊತ್ತೇ ಆಗುವುದಿಲ್ಲ. ಅದು ಬೀಳುತ್ತಿದೆ ಎಂದರೆ ದೋಷ ಟ್ರಾನ್ಸ್‌ಫಾರ್ಮರಿನಲ್ಲಿ ಅಥವಾ ಅದಕ್ಕಿಂತ ಮುಂಚಿನ ತಂತಿಯಲ್ಲಿದೆ ಎಂದೇ ತಿಳಿಯಬೇಕು. ನಮ್ಮಲ್ಲಿ ಟ್ರಾನ್ಸ್‌ಫಾರ್ಮರಿನ ಪೆಟ್ಟಿಗೆಯ ಕೆಳಗೇ ಕ್ಲೋರಿನ್ ಡ್ರಮ್ಮುಗಳನ್ನು ಇಡುತ್ತಿದ್ದರು. ಅವುಗಳ ಆವಿಯೂ ಜುಲೈ ತಿಂಗಳ ತೇವವೂ ಸೇರಿ ಪೆಟ್ಟಿಗೆಯೊಳಗಿನ ಟರ್ಮಿನಲ್‌ಗಳನ್ನೆಲ್ಲ ತಿಂದುಹಾಕಿದ್ದವು. ಇನ್ಸುಲೇಷನ್ ಅಳೆಯುವ ಮೆಗ್ಗರ್ ಇಟ್ಟು ನೋಡಿದಾಗ ಒಳಬರುವ ತಂತಿಯ ಇನ್ಸುಲೇಷನ್ ಕೆಟ್ಟಿರುವುದು ತಿಳಿಯಿತು. ಡ್ರಮ್ಮುಗಳನ್ನು ಬೇರೆ ಕೋಣೆಗೆ ಸಾಗಿಸಿ ಆ ತಂತಿಯನ್ನು ಬದಲಿಸಿದ ಮೇಲೆ ಆರ್‌ಸಿಸಿಬಿ ಒಮ್ಮೆಯೂ ಬಿದ್ದಿಲ್ಲ.

ದೀಪ ಬದಲಿಸಲು ಕೊಳದ ನೀರನ್ನು ಖಾಲಿ ಮಾಡಬೇಕೆಂದು ಹೇಳುವವರ ಮಾತನ್ನು ಒಪ್ಪಬೇಡಿ. ಮಳೆಗಾಲದಲ್ಲಿ ಅಂತರ್ಜಲ ಮೇಲಿರುವಾಗ ಖಾಲಿ ಕೊಳದ ತಳವನ್ನು ಅದು ಕೆಳಗಿನಿಂದ ಒತ್ತಿ ಬಿರುಕು ಬಿಡಿಸಬಹುದು. ಗೂಡಿನ ಹಿಂಬದಿಯಲ್ಲಿ ಹೆಚ್ಚುವರಿ ಕೇಬಲ್ಲನ್ನು ಸುತ್ತಿಟ್ಟಿರುವುದೇ ದೀಪವನ್ನು ಅಂಚಿನ ಮೇಲಕ್ಕೆ ಎತ್ತಿಕೊಳ್ಳಲಿಕ್ಕಾಗಿ. ಒಣ ಹವೆಯ ಜನವರಿ, ಫೆಬ್ರವರಿಯಲ್ಲಿ ಈ ಕೆಲಸ ಮಾಡಿಸಿದರೆ ಕವಚದೊಳಗೆ ತೇವದ ಗಾಳಿ ಸಿಕ್ಕಿಬಿದ್ದು ದೀಪದ ಮುಖದ ಒಳಬದಿಯಲ್ಲಿ ಹನಿಗಟ್ಟುವ ತೊಂದರೆಯೂ ಇರುವುದಿಲ್ಲ. ಒಮ್ಮೆ ಬಿಚ್ಚಿದ ಗ್ಯಾಸ್ಕೆಟ್ ಎಷ್ಟೇ ಚೆನ್ನಾಗಿ ಕಂಡರೂ ಅದನ್ನೇ ಮತ್ತೆ ಹಾಕಬಾರದು. ಹೊಸದಕ್ಕೆ ತೆಳುವಾಗಿ ಸಿಲಿಕೋನ್ ಗ್ರೀಸ್ ಸವರಿ, ಉಂಗುರದ ಸ್ಕ್ರೂಗಳನ್ನು ಒಂದರ ನಂತರ ಅದರ ಎದುರಿನದು ಎನ್ನುವ ಕ್ರಮದಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ನಮ್ಮ ಎಲೆಕ್ಟ್ರಿಷಿಯನ್ ಮುಚ್ಚಿದ ದೀಪವನ್ನು ಗೂಡಿಗೆ ಇಳಿಸುವ ಮುನ್ನ ರಾತ್ರಿಯಿಡೀ ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟು, ಬೆಳಿಗ್ಗೆ ಅದರ ಮುಖದ ಒಳಬದಿಯನ್ನು ಟಾರ್ಚ್ ಬಿಟ್ಟು ನೋಡಿದರು. ಇಂಥ ತಾಳ್ಮೆಗೆ ಕೂಲಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಎಲ್‌ಇಡಿಗೆ ಬದಲಾಯಿಸುವವರು ಮರೆಯುವ ಇನ್ನೊಂದು ಮುಖ್ಯ ವಿಷಯವಿದೆ. ಕೊಳಕ್ಕೆಂದೇ ಮಾಡಿದ ಕೆಲವು ಟ್ರಾನ್ಸ್‌ಫಾರ್ಮರುಗಳಲ್ಲಿ 12, 13, 14 ವೋಲ್ಟಿನ ಮೂರು ತುದಿಗಳಿರುತ್ತವೆ. ನಮ್ಮಲ್ಲಿ ದೂರದ ಹ್ಯಾಲೊಜೆನ್ ದೀಪಕ್ಕೆ ದಾರಿಯಲ್ಲಿ ಇಳಿಯುವ ವೋಲ್ಟೇಜನ್ನು ತುಂಬಿಕೊಡಲು ಹಿಂದಿನವರು 14ಕ್ಕೆ ಜೋಡಿಸಿದ್ದರು. ಎಲ್‌ಇಡಿ ಎಳೆಯುವುದು ಎರಡು ಎರಡೂವರೆ ಆಂಪಿಯರ್ ಮಾತ್ರ. ದಾರಿಯಲ್ಲಿ ಕಾಲು ವೋಲ್ಟಿಗಿಂತ ತುಸು ಹೆಚ್ಚು ಇಳಿದರೆ ಹೆಚ್ಚಾಯಿತು. ತುದಿ ಬದಲಿಸದೆ ಬಿಟ್ಟರೆ 12 ವೋಲ್ಟಿಗೆ ಹತ್ತು ಶೇಕಡಾ ಏರಿಳಿತ ತಾಳುವ ದೀಪದ ಮೇಲೆ ಪ್ರತಿ ಸಂಜೆ 14 ವೋಲ್ಟ್ ಬಿದ್ದು ಅದು ಬೇಗ ಕೆಡುತ್ತದೆ. ನಿಮ್ಮಲ್ಲಿ ಇರುವುದು ಎಲೆಕ್ಟ್ರಾನಿಕ್ ಟ್ರಾನ್ಸ್‌ಫಾರ್ಮರ್ ಆಗಿದ್ದರೆ, ಇಷ್ಟು ಕಡಿಮೆ ಲೋಡಿಗೆ ಅದು ಸರಿಯಾಗಿ ಕೆಲಸ ಮಾಡದೆ ದೀಪ ಮಿನುಗುವ ಸಂಭವವಿದೆ. ತಾಮ್ರದ ಸುತ್ತಿನ ಹಳೆಯ ಭಾರದ ಟ್ರಾನ್ಸ್‌ಫಾರ್ಮರೇ ಉತ್ತಮ.

ಬೆಳಕಿನ ಬಗ್ಗೆ ಹೇಳುವುದಾದರೆ, ನಮ್ಮ ನೀಲಿ ಟೈಲಿನ ಕೊಳದಲ್ಲಿ ಬಿಳಿ ಎಲ್‌ಇಡಿಯ ಬೆಳಕಿಗೆ ಆಳದ ಬದಿಯ ತಳದ ಗೆರೆಯೂ ನಿಚ್ಚಳವಾಗಿ ಕಾಣುತ್ತದೆ. ಬಣ್ಣ ಬದಲಾಗುವ ದೀಪ ಬೇಕೆಂದು ಕೆಲವು ಸದಸ್ಯರು ಒತ್ತಾಯಿಸಿದ್ದರು. ಕಡುನೀಲಿ, ಕೆಂಪು ಬೆಳಕಿನಲ್ಲಿ ನೀರಿನಡಿಯಲ್ಲಿರುವ ಮಗುವನ್ನು ಜೀವರಕ್ಷಕರು ಗುರುತಿಸುವುದು ಕಷ್ಟವಾದ್ದರಿಂದ ನಾನು ಅದನ್ನು ವಿರೋಧಿಸಿದೆ, ಇಂದಿಗೂ ಅದೇ ಮಾತಿಗೆ ಬದ್ಧನಾಗಿದ್ದೇನೆ. ಸಂಜೆ ನಾಲ್ಕು ಗಂಟೆ ಹಚ್ಚಿದರೆ ಎರಡು ಹ್ಯಾಲೊಜೆನ್‌ಗಳಿಗೆ 2.4 ಯೂನಿಟ್ ಬೇಕಾಗುತ್ತಿತ್ತು, ಈಗ 0.2 ಯೂನಿಟ್ ಸಾಕು.

ಕೊರತೆಗಳೂ ಇವೆ. ಎಡಬದಿಯ ದೀಪದಲ್ಲಿ ಎಲ್‌ಇಡಿಗಳ ಒಂದು ಸಾಲು ಎರಡನೆಯ ವರ್ಷದಲ್ಲಿ ಆರಿಹೋಯಿತು. ರೆಸಿನ್ ತುಂಬಿದ ದೀಪವಾದ್ದರಿಂದ ಒಳಗಿನದನ್ನು ರಿಪೇರಿ ಮಾಡಲು ದಾರಿಯಿಲ್ಲ. ಬೇಸಿಗೆಯಲ್ಲಿ ಟ್ಯಾಂಕರಿನ ಗಡಸು ನೀರು ತುಂಬಿಸುವುದರಿಂದ ದೀಪದ ಮುಖದ ಮೇಲೆ ಸುಣ್ಣದ ಪದರ ಕಟ್ಟುತ್ತದೆ. ನೀರು ಬೆರೆಸಿದ ವಿನೆಗರಿನಲ್ಲಿ ಮೆತ್ತನೆಯ ಬಟ್ಟೆ ಅದ್ದಿ ಒರೆಸಿದರೆ ಅದು ಹೋಗುತ್ತದೆ. ಬ್ರಷ್ ಹಾಕಿ ಉಜ್ಜಿದರೆ ಪ್ಲಾಸ್ಟಿಕ್ ಮುಖ ಗೀರುಬೀಳುತ್ತದೆ. ಪೊಟ್ಟಣದಲ್ಲಿ ಬಂದ ಸ್ಕ್ರೂಗಳು ಮೊದಲ ಮಳೆಗಾಲಕ್ಕೇ ತುಕ್ಕು ಹಿಡಿದವು, 316 ದರ್ಜೆಯ ಸ್ಟೇನ್‌ಲೆಸ್ ಸ್ಕ್ರೂಗಳನ್ನು ಬೇರೆ ತರಬೇಕಾಯಿತು. ಒಳಗೆ ನೀರು ಹೊಕ್ಕರೆ ವಾರಂಟಿ ಅನ್ವಯಿಸುವುದಿಲ್ಲ ಎಂದು ಚೀಟಿಯಲ್ಲಿ ಬರೆದಿದೆ. ನೀರಿನೊಳಗೆ ಇಡುವ ವಸ್ತುವಿಗೆ ಇಂಥ ಷರತ್ತು ಹಾಕುವುದು ಅನ್ಯಾಯ.

ಹಳೆಯ ದೀಪದ ಮೇಲೆ 230 ವೋಲ್ಟ್ ಎಂದು ಬರೆದಿರುವ ಕೊಳದವರು ಈ ದೀಪವನ್ನು ಕೊಳ್ಳುವ ಯೋಚನೆಯನ್ನೇ ಸದ್ಯಕ್ಕೆ ಬಿಡಬೇಕು. ಪಾರ್-56 ಅಳತೆಯಲ್ಲಿ 230 ವೋಲ್ಟಿನ ದೀಪಗಳೂ ಇವೆ. ನೀರಿನೊಳಗೆ 12 ವೋಲ್ಟ್ ಎಸಿಗಿಂತ ಹೆಚ್ಚು ಇರಬಾರದೆಂದೂ, ಟ್ರಾನ್ಸ್‌ಫಾರ್ಮರು ಕೊಳದ ಅಂಚಿನಿಂದ ಮೂರೂವರೆ ಮೀಟರಿಗಿಂತ ದೂರ ಇರಬೇಕೆಂದೂ ಅಂತರರಾಷ್ಟ್ರೀಯ ವಿದ್ಯುತ್ ಮಾನದಂಡ ಸಂಸ್ಥೆಯಾದ ಐಇಸಿಯ ನಿಯಮ ಹೇಳುತ್ತದೆ. ಅಂಥ ಕಡೆ ಇಡೀ ಸರ್ಕ್ಯೂಟನ್ನು ಹೊಸದಾಗಿ ಮಾಡಿಸದೆ ಯಾರೂ ನೀರಿಗೆ ಇಳಿಯಬಾರದು. 12 ವೋಲ್ಟಿನವರು ಧೈರ್ಯವಾಗಿ ಕೊಳ್ಳಬಹುದು, ಆದರೆ ದೀಪದ ಜೊತೆಗೆ ಗ್ಯಾಸ್ಕೆಟ್, ಗ್ಲ್ಯಾಂಡ್, ರೆಸಿನ್ ಕಿಟ್‌ಗಳನ್ನೂ ಅದೇ ದಿನ ಖರೀದಿಸಿ. ನಮ್ಮ ಎಡಬದಿಯ ದೀಪಕ್ಕೆ ಇನ್ನೂ ಹಳೆಯ ಕೇಬಲ್ಲೇ ಇದೆ. ಬರುವ ಜನವರಿಯಲ್ಲಿ ಹೊಸ ದೀಪ ಹಾಕುವಾಗ ಅದನ್ನೂ ಬದಲಿಸಲು ಸಮಿತಿ ಹಣ ತೆಗೆದಿರಿಸಿದೆ.