14 ತಿಂಗಳ ಜಲವರ್ಣ ಪಾಠ: ಮನುಷ್ಯರು ನೆಲದ ಮೇಲೆ ನಿಂತರು, ಎತ್ತು ಕೈಕೊಟ್ಟಿತು

ಹಳ್ಳಿಯ ನೋಟಗಳನ್ನು ಜಲವರ್ಣದಲ್ಲಿ ಬರೆಯಲು ಕಲಿಸುವ ವಿಡಿಯೊ ಪಾಠಗಳಿಗೆ ವರ್ಷಕ್ಕೆ 2,400 ರೂಪಾಯಿ ಕಟ್ಟಿ ಸೇರಿ 14 ತಿಂಗಳಾಯಿತು. ಬೇಕಾದ ಸಾಮಗ್ರಿಯ ಪಟ್ಟಿಯನ್ನು ಪಾಠ ನಡೆಸುವವರೇ ಕೊಡುತ್ತಾರೆ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಕಾಗದ ನನ್ನ ಪಿಂಚಣಿಗೆ ದುಬಾರಿಯಾದ್ದರಿಂದ, ನಾನು ಹಾಳೆಯನ್ನು ನಾಲ್ಕಾಗಿ ಕತ್ತರಿಸಿ ಎರಡೂ ಬದಿಯಲ್ಲಿ ಬರೆಯುತ್ತೇನೆ.

ಬೆಳಗಿನ ಕಾಫಿ ಮುಗಿದೊಡನೆ ಕುಂಚ ತೊಳೆಯಲೊಂದು, ಬಣ್ಣ ಕಲಸಲೊಂದು ಎಂದು ಎರಡು ಲೋಟ ನೀರು, ಒರೆಸಲು ಹಳೆಯ ಪಂಚೆಯ ಚೂರು ಇಟ್ಟುಕೊಂಡು ಕೂರುತ್ತೇನೆ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಸೇರಿಸಿ ಬೂದುಬಣ್ಣವನ್ನು ಹದಕ್ಕೆ ತರುವ ಐದು ನಿಮಿಷವೇ ನನ್ನ ಪಾಲಿನ ಸುಖ: ನೀಲಿ ಹೆಚ್ಚಿದರೆ ಮಳೆಮೋಡ, ಕಂದು ಹೆಚ್ಚಿದರೆ ಉತ್ತ ಹೊಲ.

ಕೊಟ್ಟ ಹಣವನ್ನು ಮೂರನೆಯ ಪಾಠವೊಂದೇ ತೀರಿಸಿತು. ಸಮತಟ್ಟು ನೆಲದಲ್ಲಿ ನಿಂತು ನೋಡುವಾಗ, ನಮ್ಮಷ್ಟೇ ಎತ್ತರದವರು ಎಷ್ಟೇ ದೂರದಲ್ಲಿದ್ದರೂ ಅವರ ಕಣ್ಣು ದಿಗಂತರೇಖೆಯ ಮೇಲೆಯೇ ಬೀಳುತ್ತದೆ. ದೂರ ಹೋದಂತೆ ಪಾದ ಮಾತ್ರ ಆ ರೇಖೆಯತ್ತ ಮೇಲೇರುತ್ತದೆ. ಅಲ್ಲಿಯವರೆಗೆ ಗಾಳಿಯಲ್ಲಿ ತೇಲುತ್ತಿದ್ದ, ಬುತ್ತಿ ಹೊತ್ತ ನನ್ನ ಹೆಂಗಸರು ಅಂದು ಬದುವಿನ ಮೇಲೆ ಕಾಲೂರಿದರು.

ಬೇಸರ ಹುಟ್ಟಿದ್ದು ಪ್ರಾಣಿಗಳ ಪಾಠದಿಂದ. ತೆಂಗಿನ ತೋಟ, ಹೆಂಚಿನ ಮನೆ ಎಲ್ಲವನ್ನೂ ಕಲಿಸಿದವರು ದನವೆಂದು ತೋರಿಸಿದ್ದು ಕಪ್ಪು-ಬಿಳಿ ಮಚ್ಚೆಯ ವಿದೇಶಿ ಹೋಲ್‌ಸ್ಟೀನ್ ಹಸುವನ್ನು. ಅದನ್ನೇ ತಿದ್ದಿ ತಿದ್ದಿ ಕೈಗೆ ಕೂರಿಸಿಕೊಂಡು, ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಒಂದು ಜೊತೆ ಹಳ್ಳಿಕಾರ್ ತಳಿಯ ಎತ್ತುಗಳ ಮುಂದೆ ಕೂತು ಬರೆದಾಗ, ಒಡೆಯರು ಬಗ್ಗಿ ನೋಡಿ, "ಹಿಣಿಲೇ ಇಲ್ವಲ್ಲ ಸ್ವಾಮಿ, ಇದು ಸೀಮೆಹಸು. ನೊಗ ಎಲ್ಲಿಗೆ ಆನಿಸ್ತೀರಿ?" ಎಂದರು. ಹಿಣಿಲಿನ, ಅಂದರೆ ಹೆಗಲ ಮೇಲಿನ ಡುಬ್ಬದ, ಮುಂದೆ ನೊಗ ಕೂರುವ ಜಾಗವನ್ನು ಅವರೇ ಎತ್ತಿನ ಕತ್ತಿನ ಮೇಲೆ ಅಂಗೈಯಿಟ್ಟು ತೋರಿಸಿದರು. ಕತ್ತಿನ ಕೆಳಗೆ ಜೋಲುವ ಗಂಗೆದೊಗಲಿನ ಮಡಿಕೆಗಳನ್ನು ಬೆರಳಿನಿಂದ ಬಿಡಿಸಿದರು. ಪಾಠದಲ್ಲಿ ನಲವತ್ತು ನಿಮಿಷಕ್ಕೆ ಬಾರದ್ದು ಅಲ್ಲಿ ಹತ್ತು ನಿಮಿಷಕ್ಕೆ ಬಂತು, ಅದೂ ಪುಕ್ಕಟೆಯಾಗಿ.

ನಾಟಿ ದನದ ಪಾಠವೊಂದನ್ನು ಸೇರಿಸಿರೆಂದು ಬರೆದ ಪತ್ರಕ್ಕೆ "ಪರಿಶೀಲಿಸುತ್ತೇವೆ" ಎಂಬ ಉತ್ತರ ಬಂದು ಐದು ತಿಂಗಳು ಕಳೆದಿದೆ. ಆದರೂ ಎರಡನೆಯ ವರ್ಷಕ್ಕೆ ಹಣ ಕಟ್ಟಿದ್ದೇನೆ, ಕೆರೆಯ ಪ್ರತಿಬಿಂಬದ ಪಾಠಗಳು ಇನ್ನೂ ಬಾಕಿಯಿವೆ. ಎತ್ತಿನ ಅಭ್ಯಾಸವನ್ನು ಜಾತ್ರೆಯ ಚಿತ್ರಗಳನ್ನು ಮುಂದಿಟ್ಟುಕೊಂಡು ನಾನೇ ಮಾಡುತ್ತಿದ್ದೇನೆ. ಹಿಣಿಲು ಕೂತಿದೆ, ಬುಡದಿಂದ ಹಿಂದಕ್ಕೆ ಬಾಗಿ ತುದಿಯಲ್ಲಿ ಮುಂದಕ್ಕೆ ತಿರುಗುವ ಆ ನೀಳ ಕೊಂಬು ಮಾತ್ರ ಹತ್ತಕ್ಕೆ ಮೂರು ಸಲ ಇನ್ನೂ ದಾರಿ ತಪ್ಪುತ್ತದೆ.